ಉಂಗುರದ ಕೆಳಗಿನ ನೆಲ

ಆ ನಿಯಮ ಬರೆದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಅದನ್ನು ಬೈಯುವ ಹಕ್ಕು ಬೇರೆಯವರಿಗಿಂತ ನನಗೆ ಒಂದು ಕೈ ಹೆಚ್ಚೇ ಇದೆ. ದೇಶದ ದೊಡ್ಡ ವಿಜ್ಞಾನ ಯಂತ್ರಗಳಲ್ಲಿ ಯಾವುದನ್ನು ಕಟ್ಟಬೇಕು, ಯಾವುದನ್ನು ಮುಚ್ಚಬೇಕು ಎಂದು ಹತ್ತು ವರ್ಷಕ್ಕೊಮ್ಮೆ ತೀರ್ಮಾನ ಮಾಡುವ ಸಮಿತಿ ನಮ್ಮದು. ಎಂಟು ಜನ. ಹಿಂದಿನ ಸಮಿತಿಯಲ್ಲಿ ಒಬ್ಬ ಮಹಾಶಯ ತನ್ನ ಶಿಷ್ಯನ ಪ್ರಯೋಗಾಲಯಕ್ಕೆ ತಾನೇ ಕೈಯೆತ್ತಿ ಪತ್ರಿಕೆಯವರ ಬಾಯಿಗೆ ಬಿದ್ದಿದ್ದ. ಅಂಥ ಮರ್ಯಾದೆಗೇಡು ಮತ್ತೆ ಬೇಡ ಎಂದು ನಾವು ಹೊಸ ನಿಯಮ ಮಾಡಿದೆವು. ಯಾವ ಸಂಸ್ಥೆಯ ವಿಷಯ ಬಂದರೂ ಅಲ್ಲಿ ಕೆಲಸ ಮಾಡಿದವರು, ಅಲ್ಲಿನವರಿಗೆ ಪಾಠ ಹೇಳಿದವರು, ಅಲ್ಲಿ ಗಂಡನೋ ಹೆಂಡತಿಯೋ ರಕ್ತಸಂಬಂಧಿಗಳೋ ಇರುವವರು, ಆ ಸಂಸ್ಥೆಯ ಖಾಸಗಿ ಮಾಹಿತಿ ಉಳ್ಳವರು ಎದ್ದು ಹೊರಗೆ ಹೋಗಬೇಕು. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಆದರೆ ನಮ್ಮಂಥ ಪುಟ್ಟ ದೇಶದಲ್ಲಿ ಒಂದು ಯಂತ್ರದ ಬಗ್ಗೆ ತಿಳಿದವರೆಲ್ಲ ಅದೇ ಯಂತ್ರದ ಸುತ್ತ ಬೆಳೆದವರು. ಹೀಗಾಗಿ ಸಂಶೋಧನಾ ಹಡಗಿನ ವಿಷಯ ಬಂದಾಗ ಸಮುದ್ರ ನೋಡಿದವರು ಹೊರಗೆ, ರೋಗಾಣುಗಳ ಪ್ರಯೋಗಾಲಯದ ವಿಷಯ ಬಂದಾಗ ರೋಗ ಬಲ್ಲವರು ಹೊರಗೆ. ಒಳಗೆ ಉಳಿಯುವವರು ಏನೂ ಗೊತ್ತಿಲ್ಲದ ಪುಣ್ಯಾತ್ಮರು. ಕೈಯೆತ್ತಬೇಕಾದವರೂ ಅವರೇ.

ಆ ಪಟ್ಟಿಯಲ್ಲಿ ಓರಗಿತ್ತಿ ಇರಲಿಲ್ಲ. ಬರೆಯುವಾಗ ಯಾರಿಗೂ ಹೊಳೆಯಲಿಲ್ಲ, ನನಗೂ. ಗಂಡನ ತಮ್ಮನ ಹೆಂಡತಿ ರಕ್ತಸಂಬಂಧಿ ಹೇಗಾದಾಳು? ರಕ್ತ ಕುದಿಸುವ ಸಂಬಂಧ ಎಂದರೆ ಒಪ್ಪುತ್ತೇನೆ. ಒಂದೇ ಮನೆ ನಮ್ಮದು. ಮೇಲಿನ ಮಹಡಿಯಲ್ಲಿ ನಾವು, ಕೆಳಗೆ ಅವರು, ಅಡುಗೆಮನೆ ಮಾತ್ರ ಎರಡು ಸಂಸಾರಕ್ಕೂ ಒಂದೇ. ಬೇರೆ ಬೇರೆ ಒಲೆ ಹೂಡಿಕೊಳ್ಳಿ ಎಂದು ಅಣ್ಣತಮ್ಮಂದಿರು ಎಷ್ಟೋ ಸಲ ಹೇಳಿದರು. ಜಗಳವಾಡಲು ಒಂದು ಜಾಗ ಬೇಕಲ್ಲ ಎಂದು ನಾವೇ ಬಿಡಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿರಬೇಕು ಎಂಬುದರಿಂದ ಹಿಡಿದು ವಿಶ್ವ ಹೇಗೆ ಹುಟ್ಟಿತು ಎಂಬುದರವರೆಗೆ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಆ ಗೌರವ ಕರೆಯುವಾಗ ಮಾತ್ರ.

ಅವಳು ಉಂಗುರದ ನಿರ್ದೇಶಕಿ. ಉಂಗುರ ಎಂದು ನಾವು ಮನೆಯಲ್ಲಿ ಕರೆಯುವುದು. ಅಸಲಿಗೆ ಅದು ಆಟದ ಮೈದಾನದಷ್ಟು ದೊಡ್ಡ ದುಂಡನೆಯ ಯಂತ್ರ. ಅದರ ಕೊಳವೆಯೊಳಗೆ ಎಲೆಕ್ಟ್ರಾನುಗಳು ಹುಚ್ಚು ವೇಗದಲ್ಲಿ ಸುತ್ತುತ್ತ ಬೆಳಕು ಚೆಲ್ಲುತ್ತವೆ. ಸುತ್ತಲಿನ ಕಿಂಡಿಗಳಿಂದ ಆ ಬೆಳಕನ್ನು ಹಿಡಿದು ಒಬ್ಬರು ವೈರಾಣುವಿನ ಒಳಗನ್ನು ನೋಡುತ್ತಾರೆ, ಇನ್ನೊಬ್ಬರು ಬ್ಯಾಟರಿಯ ಒಳಗನ್ನು. ಈಗಿರುವುದು ಮುದಿಯಾಗಿದೆ. ಇವತ್ತು ನಡೆಯುತ್ತದೆ, ನಾಳೆ ಮುಲುಗುತ್ತದೆ. ಅದೇ ಜಾಗದಲ್ಲಿ ಹೊಸ ಉಂಗುರ ಕಟ್ಟಬೇಕೆಂದು ಅವಳು ಹಗಲೂ ಇರುಳೂ ದುಡಿದಿದ್ದಳು. ಅವಳ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ನಾನು, ಅವಳಲ್ಲ. ಈ ಯೋಜನೆಯಲ್ಲಿ ಹೊಸ ಉಂಗುರ ಸೇರದಿದ್ದರೆ ಹಳೆಯದನ್ನು ಮುಚ್ಚುತ್ತಾರೆ, ಅಲ್ಲಿಯವರು ದಿಕ್ಕಾಪಾಲಾಗುತ್ತಾರೆ. ಮುಂದಿನ ಯೋಜನೆ ಬರುವ ಹೊತ್ತಿಗೆ ಅವಳು ನಿವೃತ್ತಿಯಾಗಿ ಮನೆಯಲ್ಲಿ ಕೂತಿರುತ್ತಾಳೆ. ಆ ಉಂಗುರ ಬರಲೇಬೇಕೆಂದು ನನಗೂ ಹಟವಿತ್ತು. ಅವಳ ಮುಖದ ಮೇಲೆ ಹೇಳುವಷ್ಟು ಒಳ್ಳೆಯವಳಲ್ಲ ನಾನು, ಅಷ್ಟೆ.

ಕೊನೆಯ ಸಭೆಗೆ ಕೆಲವು ವಾರ ಮೊದಲು ಒಂದು ಸಂಜೆ ಇಬ್ಬರೂ ಅಡುಗೆಮನೆಯಲ್ಲಿದ್ದೆವು. ನಾನು ಪಾತ್ರೆ ಒರೆಸುತ್ತಿದ್ದೆ, ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ಚಾಕು ನಿಲ್ಲಿಸಿ, "ಅಕ್ಕ, ನೆಲ ಕೂರ್ತಾ ಇದೆ" ಅಂದಳು. ನಾನು ಕಾಲ ಕೆಳಗೆ ನೋಡಿದೆ. ಈ ನೆಲವಲ್ಲ, ಉಂಗುರದ್ದು, ಎಂದು ಅವಳು ವಿವರಿಸಿದಳು. ಆ ಜಾಗ ಒಂದು ಕಾಲದಲ್ಲಿ ಕಲ್ಲುಕ್ವಾರಿಯಂತೆ, ಮಣ್ಣು ತುಂಬಿ ಮೇಲೆ ಕಟ್ಟಿದ್ದಂತೆ. ಪೂರ್ವದ ಮಗ್ಗುಲು ಸ್ವಲ್ಪ ಸ್ವಲ್ಪವೇ ಕುಸಿಯುತ್ತಿದೆ. ಹಳೆಯ ಯಂತ್ರ ಒರಟು, ದಿನಾ ಬೆಳಿಗ್ಗೆ ಜಾಕ್ ತಿರುಗಿಸಿ ಅಯಸ್ಕಾಂತಗಳನ್ನು ಸಮ ಮಾಡಿದರೆ ಸುಧಾರಿಸಿಕೊಳ್ಳುತ್ತದೆ. ಹೊಸದು ಬಲು ನಾಜೂಕು. ಕೂದಲೆಳೆಯಷ್ಟು ಕದಲಿದರೂ ಬೆಳಕು ದಾರಿ ತಪ್ಪುತ್ತದೆ. ಬಂಡೆ ಸಿಗುವ ತನಕ ಕಂಬಗಳನ್ನು ಇಳಿಸಿ ನೆಲವನ್ನು ಹಿಡಿದು ನಿಲ್ಲಿಸಬೇಕು.

ಸಮಿತಿಗೆ ನೀನು ಕೊಟ್ಟ ವರದಿಯಲ್ಲಿ ಅದು ಎಲ್ಲಿದೆ ಎಂದು ಕೇಳಿದೆ. ಕಂಬಗಳ ಖರ್ಚು ಮಾತ್ರ ಎರಡನೇ ಹಂತದಲ್ಲಿ, ಕಟ್ಟಡ ಸುಧಾರಣೆ ಎಂಬ ತಲೆಬರಹದ ಕೆಳಗೆ ಇದೆ, ನೆಲ ಕೂರುವ ಮಾತು ಎಲ್ಲೂ ಇಲ್ಲ ಅಂದಳು. ನನಗೆ ಮೈಯೆಲ್ಲ ಉರಿಯಿತು. ಯಂತ್ರ ಕೂರಿಸಿ ಆಮೇಲೆ ಅದರ ಬುಡ ಅಗೆಯುತ್ತೀಯಾ, ನಿನಗೆ ಬುದ್ಧಿ ನೆಟ್ಟಗಿದೆಯಾ ಎಂದು ಜಾಡಿಸಿದೆ. ಅವಳು ತಿರುಗಿ ಜಗಳಕ್ಕೆ ಬರಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಎರಡನೇ ಹಂತ ಎನ್ನುವುದು ನಮ್ಮ ಕಸುಬಿನವರ ರೋಗ. ಒಂದೊಂದು ಯಂತ್ರಕ್ಕೂ ಸರ್ಕಾರ ಒಂದು ಮಿತಿ ಹಾಕಿರುತ್ತದೆ. ಮಿತಿ ದಾಟಿದ್ದನ್ನೆಲ್ಲ ಎರಡನೇ ಹಂತಕ್ಕೆ ದಬ್ಬುತ್ತೇವೆ. ಮೊದಲು ಪಟ್ಟಿಯೊಳಗೆ ಕಾಲಿಟ್ಟರೆ ಸಾಕು, ಅರ್ಧ ಕಟ್ಟಿದ್ದನ್ನು ಯಾವ ಮಂತ್ರಿಯೂ ಬೀಳಿಸುವುದಿಲ್ಲ ಎಂಬ ಭಂಡ ಧೈರ್ಯ. ಹಡಗಿನವರು ಎಂಜಿನ್ನನ್ನೇ ಎರಡನೇ ಹಂತಕ್ಕೆ ಹಾಕಿದ್ದರು. ಅವರನ್ನು ನೋಡಿ ನಗುವ ಯೋಗ್ಯತೆ ನನಗೂ ಇಲ್ಲ. ನಾನು ಕೆಲಸ ಮಾಡುವ ದೂರದರ್ಶಕದ ಕನ್ನಡಿ ಮೊದಲ ಹಂತದಲ್ಲೇ ಬಂತು, ಅದರ ಗುಮ್ಮಟ ಎರಡನೆಯದರಲ್ಲಿ. ಮೂರು ಮಳೆಗಾಲ ಆ ಕನ್ನಡಿ ಟಾರ್ಪಾಲಿನ ಕೆಳಗೆ ಮಲಗಿತ್ತು. ಆದರೆ ಗುಮ್ಮಟವನ್ನು ಆಮೇಲೆ ಕೂರಿಸಬಹುದು. ನೆಲವನ್ನು ಆಮೇಲೆ ಹಿಡಿದು ನಿಲ್ಲಿಸಲಾಗದು.

ಯಾರಿಗೂ ಹೇಳಬೇಡ ಎಂದು ಅವಳು ಹೇಳಲಿಲ್ಲ. ಹೇಳು ಎಂದೂ ಹೇಳಲಿಲ್ಲ. ಈರುಳ್ಳಿ ಹೆಚ್ಚಿ ಮುಗಿಸಿ, ಕೈ ತೊಳೆದುಕೊಂಡು ಕೆಳಮನೆಗೆ ಹೋದಳು.

ಕೊನೆಯ ಸಭೆಯ ದಿನ ಬೆಳಿಗ್ಗೆ ನನ್ನ ಗಂಡ, ನೀನು ಆ ವಿಷಯ ಬಂದಾಗ ಎದ್ದು ಹೊರಗೆ ಹೋಗುವುದು ಒಳ್ಳೆಯದಲ್ಲವೇ ಎಂದರು. ಉಂಗುರ ಬಲ್ಲ ಮೂವರು ಹೇಗೂ ಎದ್ದು ಹೋಗುತ್ತಾರೆ, ಉಳಿಯುವುದು ಐದು ಜನ, ಸಭೆ ನಡೆಯಲು ಬೇಕಾದ ಕೋರಂ ಕೂಡ ಐದೇ ಜನ, ನಾನು ಎದ್ದರೆ ನಿಮ್ಮ ತಮ್ಮನ ಹೆಂಡತಿಯ ಉಂಗುರ ಚರ್ಚೆಯಿಲ್ಲದೆ ಬಿದ್ದುಹೋಗುತ್ತದೆ, ಆಗಬಹುದೇ ಎಂದೆ. ಪಾಪ, ಅವರು ಪೇಪರಿನತ್ತ ತಿರುಗಿದರು. ಖಾಸಗಿ ಮಾಹಿತಿಯ ಮಾತನ್ನು ನಾನೂ ಎತ್ತಲಿಲ್ಲ. ಈರುಳ್ಳಿ ಹೆಚ್ಚುವಾಗ ಆಡಿದ ಮಾತು ಮಾಹಿತಿ ಹೇಗಾದೀತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಸಭೆ ನಡೆಯುವ ಕೋಣೆಗೆ ದೊಡ್ಡ ದೊಡ್ಡ ಕಿಟಕಿಗಳಿವೆ, ಒಂದೂ ತೆರೆಯುವುದಿಲ್ಲ. ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಹೆಸರಿನ ಫಲಕ, ನೀರಿನ ಬಾಟಲಿ. ಎದ್ದು ಹೋಗುವವರು ತಮ್ಮ ಫಲಕವನ್ನು ಬೋರಲು ಹಾಕಿ ಹೋಗಬೇಕು. ಇದೂ ನಮ್ಮದೇ ನಿಯಮ. ಅವತ್ತು ಮುಗಿದರೆ ಮುಗಿಯಿತು. ಪಟ್ಟಿ ಮರುದಿನ ಬೆಳಿಗ್ಗೆ ಮಂತ್ರಿಮಂಡಲಕ್ಕೆ ಹೋಗಬೇಕಿತ್ತು.

ಮಧ್ಯಾಹ್ನದ ಚಹಾ ಆದ ಮೇಲೆ ಓರಗಿತ್ತಿ ಬಂದು ಉಂಗುರದ ಬಗ್ಗೆ ಮಾತಾಡಿದಳು. ಚೆನ್ನಾಗಿ ಮಾತಾಡಿದಳು. ಮನೆಯಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮಾಡದವಳು ಅಲ್ಲಿ ಒಂದು ತಡವರಿಕೆಯಿಲ್ಲದೆ ಮಾತು ಮುಗಿಸಿದ್ದು ಕಂಡು ನನಗೆ ಹೆಮ್ಮೆಯಾಯಿತು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಏನಾದರೂ ಕೇಳಬೇಕಿದ್ದರೆ ಕರೆಸುತ್ತೇವೆ, ಹೊರಗೆ ಕೂತಿರಿ ಎಂದು ಅಧ್ಯಕ್ಷರು ಹೇಳಿದರು. ಅವಳು ಪಡಸಾಲೆಯ ಬೆಂಚಿಗೆ ಹೋದಳು. ಉಂಗುರ ಬಲ್ಲ ಮೂವರೂ ಫಲಕ ಬೋರಲು ಹಾಕಿ ಎದ್ದರು. ಅವರಲ್ಲಿ ಒಬ್ಬರು ಹೋಗುವಾಗ ಬಿಸ್ಕತ್ತಿನ ತಟ್ಟೆಯನ್ನೂ ಎತ್ತಿಕೊಂಡರು.

ಉಳಿದವರು ನಾವು ಐದು ಜನ. ಅಧ್ಯಕ್ಷರು ರಸಾಯನಶಾಸ್ತ್ರದ ಹಿರಿಯರು, ಯಾರ ಮನಸ್ಸನ್ನೂ ನೋಯಿಸದ ಸಾಧು ಪ್ರಾಣಿ. ಹಣಕಾಸು ಇಲಾಖೆಯ ಅಧಿಕಾರಿಗೆ ಕತ್ತರಿ ಎಂದು ಅಡ್ಡಹೆಸರು, ಅದು ಅವರಿಗೂ ಗೊತ್ತು, ಒಳಗೊಳಗೆ ಖುಷಿ. ಇನ್ನೊಬ್ಬರು ಹವಾಮಾನದವರು. ಮತ್ತೊಬ್ಬರು ಡಾಕ್ಟರು, ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯರು. ಐದನೆಯವಳು ನಾನು. ನಾನೂ ಉಂಗುರದ ನಿರ್ದೇಶಕಿಯೂ ಓರಗಿತ್ತಿಯರೆಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ನನ್ನ ಕಡೆ ತಿರುಗಿ, ನಿಮಗೇನೂ ಅಡ್ಡಿಯಿಲ್ಲವಲ್ಲ ಎಂದು ಮೆತ್ತಗೆ ಕೇಳಿದರು. ನಿಯಮದಲ್ಲಿ ಓರಗಿತ್ತಿ ಇಲ್ಲ ಎಂದೆ. ಹವಾಮಾನದವರು ನಕ್ಕರು. ಕತ್ತರಿ ನಗಲಿಲ್ಲ.

ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಸಾಗಿತು. ಹವಾಮಾನದವರು ಮೆಚ್ಚಿ ಮಾತಾಡಿದರು. ಕತ್ತರಿ ಪುಟ ತಿರುವಿ ತಿರುವಿ ಮಿತಿಯೊಳಗೇ ಇದೆ ಎಂದು ಒಪ್ಪಿದರು. ಅಂಥವರೇ ಒಪ್ಪಿದ ಮೇಲೆ ಇನ್ನೇನು? ಹಡಗಿಗಿಂತ ಉಂಗುರವೇ ಮೇಲೆ ಎಂದು ಅಧ್ಯಕ್ಷರು ಬರೆದುಕೊಳ್ಳಲು ಶುರುಮಾಡಿದರು. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ, ಎಂದು ಮೇಜಿನ ಕೆಳಗೆ ಸೆರಗಿನ ಚುಂಗು ಹಿಂಡುತ್ತ ಕೂತಿದ್ದೆ.

ಆಗ ಡಾಕ್ಟರು ಬಾಯಿ ತೆರೆದರು. ಅವರ ಆಸ್ಪತ್ರೆಗೆ ಒಮ್ಮೆ ದೊಡ್ಡ ಸ್ಕ್ಯಾನರ್ ತರಿಸಿದ್ದರಂತೆ, ಮೂರನೇ ಮಹಡಿಯ ನೆಲ ಅದನ್ನು ತಾಳಲಿಲ್ಲವಂತೆ, ಕೊನೆಗೆ ಅದನ್ನು ವಾಹನ ನಿಲ್ದಾಣದಲ್ಲಿ ಇಟ್ಟರಂತೆ. ಕತೆ ಹೇಳಿ ತಾವೇ ನಕ್ಕು, ನನ್ನ ಕಡೆ ತಿರುಗಿದರು.

"ಅಲ್ಲಿನ ನೆಲ ಗಟ್ಟಿ ಇದೆ ತಾನೇ ಮೇಡಂ? ನಮಗಂತೂ ಇದೆಲ್ಲ ಗೊತ್ತಾಗೋದಿಲ್ಲ."

ನಾಲ್ಕು ಮುಖಗಳೂ ನನ್ನತ್ತ ತಿರುಗಿದವು. ಈಗಿನ ಬಳಕೆಗೆ ತಕ್ಕದ್ದಾಗಿದೆ ಎಂದು ವರದಿಯಲ್ಲಿದೆ, ಎಂದೆ. ಸುಳ್ಳಲ್ಲ. ವರದಿಯಲ್ಲಿ ಹಾಗೇ ಇತ್ತು.

ಡಾಕ್ಟರು ಕೈಯಾಡಿಸಿ, "ನೀವು ಹೇಳಿದ್ರಲ್ಲ, ಸಾಕು ಬಿಡಿ" ಎಂದರು.

ಆ ಮನುಷ್ಯ ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಜಗಳವಾಡಿ ಗೆದ್ದುಬಿಡುತ್ತಿದ್ದೆ. ಜಗಳ ನನಗೆ ಹೊಸದಲ್ಲ. ಅವರು ನಂಬಿಬಿಟ್ಟರು. ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿ ನಂಬಿದರು. ಅಧ್ಯಕ್ಷರು ಒಪ್ಪಿಗೆ ಇರುವವರು ಕೈಯೆತ್ತಿ ಎಂದರು. ಡಾಕ್ಟರು ಎತ್ತಿದರು, ಹವಾಮಾನದವರು ಎತ್ತಿದರು, ಕತ್ತರಿಯೂ ಪೆನ್ನು ಹಿಡಿದ ಕೈಯನ್ನೇ ಎತ್ತಿದರು. ನನ್ನ ಕೈ ಏಳದಿದ್ದರೂ ಉಂಗುರ ಗೆಲ್ಲುತ್ತಿತ್ತು. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಕಲ್ಲಿನ ಹಾಗೆ ಕೂರುವುದು ಎಷ್ಟರ ಕೆಲಸ? ಆದರೆ ಆ ಯಂತ್ರ ಕಣ್ಣ ಮುಂದೆ ಬಂತು, ಹೊಚ್ಚ ಹೊಸದು, ಪೂರ್ವಕ್ಕೆ ವಾಲಿಕೊಂಡು, ಒಂದು ದಿನವೂ ನೆಟ್ಟಗೆ ಬೆಳಕು ಕೊಡದೆ. ಅದರ ಮುಂದೆ ನನ್ನ ಓರಗಿತ್ತಿ ಉತ್ತರ ಕೊಡುತ್ತ ನಿಂತಿರುವುದೂ ಕಂಡಿತು.

"ನೆಲ ಕೂರ್ತಾ ಇದೆ" ಎಂದೆ.

ಎತ್ತಿದ ಕೈಗಳು ಹಾಗೇ ನಿಂತವು. ಕ್ವಾರಿ, ತುಂಬಿದ ಮಣ್ಣು, ಜಾಕುಗಳು, ಕಂಬಗಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳುತ್ತ ಹೋದಂತೆ ಹಗುರವಾಗುತ್ತದೆ ಅನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ಕತ್ತರಿ ಕೈ ಇಳಿಸಿ ವರದಿಯನ್ನು ಮತ್ತೊಮ್ಮೆ ನೋಡಿದರು.

"ಇದು ಇದರಲ್ಲಿಲ್ಲ. ನಿಮಗೆ ಹೇಗೆ ಗೊತ್ತು?"

"ನನ್ನ ಓರಗಿತ್ತಿ ಹೇಳಿದಳು. ಮನೇಲಿ."

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕತ್ತರಿ ಗದರಲಿಲ್ಲ, ಚುಚ್ಚಲೂ ಇಲ್ಲ. ಖಾಸಗಿ ಮಾಹಿತಿ ಉಳ್ಳವರು ಎಂಬ ನಿಯಮವನ್ನು ಸುಮ್ಮನೆ ನೆನಪಿಸಿದರು. ಅದರ ಒಂದೊಂದು ಪದವೂ ನನಗೆ ಬಾಯಿಪಾಠ. ಬೇರೆ ದಾರಿ ಇದೆಯೇ ಎಂದು ಅಧ್ಯಕ್ಷರು ಕೇಳಿದರು. ಹವಾಮಾನದವರು ನಾಳೆ ಇನ್ನೊಮ್ಮೆ ಸೇರೋಣವೇ ಎಂದರು. ನಾಳೆ ಬೆಳಿಗ್ಗೆ ಪಟ್ಟಿ ಮಂತ್ರಿಮಂಡಲದ ಮೇಜಿನ ಮೇಲಿರಬೇಕು ಎಂದು ಕತ್ತರಿ ಹೇಳಿದರು. ಡಾಕ್ಟರು ಮಾತ್ರ ನನ್ನನ್ನೇ ನೋಡುತ್ತಿದ್ದರು, ಬೇಸರದಿಂದಲ್ಲ, ಅಯ್ಯೋ ಪಾಪ ಎನ್ನುವಂತೆ. ನಾನು ಫಲಕ ಬೋರಲು ಹಾಕಿ ಎದ್ದೆ. ಒಳಗೆ ಉಳಿದವರು ನಾಲ್ಕು ಜನ, ಕೋರಂಗೆ ಒಬ್ಬರು ಕಡಿಮೆ. ಉಂಗುರ ಬಿತ್ತು, ಹಡಗು ಅದರ ಜಾಗಕ್ಕೆ ಬಂತು.

ಬಾಗಿಲು ತೆರೆದಾಗ ಪಡಸಾಲೆಯಲ್ಲಿ ಆ ಮೂವರು ಬಿಸ್ಕತ್ತು ತಿನ್ನುತ್ತ ನಿಂತಿದ್ದರು. ಮುಗಿಯಿತೇ ಎಂದು ಒಬ್ಬರು ಆಸೆಯಿಂದ ಕೇಳಿದರು. ಓರಗಿತ್ತಿ ಕೇಳಲಿಲ್ಲ. ಬೆಂಚಿನಿಂದ ಎದ್ದು ನಿಂತು ನನ್ನ ಹಿಂದೆ ಬಾಗಿಲು ಮುಚ್ಚುವುದನ್ನು ನೋಡಿದಳು. ಲೆಕ್ಕದಲ್ಲಿ ಅವಳು ನಮ್ಮೆಲ್ಲರಿಗಿಂತ ಚುರುಕು. ನಾನು ಒಬ್ಬಳೇ ಹೊರಗೆ ಬಂದದ್ದರ ಅರ್ಥ ಅವಳಿಗೆ ಅಲ್ಲಿಯೇ ಆಯಿತು. ಕೈಚೀಲ ಹೆಗಲಿಗೆ ಹಾಕಿಕೊಂಡು, ಮನೆಗೆ ಹೋಗೋಣ ಎಂದಳು.

ಕಾರು ಅವಳೇ ಓಡಿಸಿದಳು. ಸಂಜೆಯ ವಾಹನಗಳ ಸಾಲು ಇಂಚಿಂಚೇ ಸರಿಯುತ್ತಿತ್ತು. ಬೈದರೆ ಬೈಯಲಿ, ಕಾರು ನಿಲ್ಲಿಸಿ ಇಳಿ ಎನ್ನಲಿ ಎಂದು ಕಾಯುತ್ತಿದ್ದೆ. ತಡೆಯಲಾರದೆ ನಾನೇ ಶುರುಮಾಡಿದೆ. ಡಾಕ್ಟರು ನೆಲದ ಬಗ್ಗೆ ಕೇಳಿದ್ದು, ನಾನು ಮೊದಲು ಜಾರಿಕೊಂಡದ್ದು, ಆಮೇಲೆ ಹೇಳಿದ್ದು, ಒಂದನ್ನೂ ಬಿಡದೆ ಹೇಳಿದೆ. ಸುಳ್ಳಿನ ಮೇಲೆ ಉಂಗುರ ನಿಲ್ಲುವುದಿಲ್ಲ, ನಿನ್ನ ಒಳ್ಳೆಯದಕ್ಕೇ ಹೇಳಿದೆ, ನಾಳೆ ಅದು ವಾಲಿದಾಗ ಎಲ್ಲರೂ ನಿನ್ನ ಕೊರಳಿಗೇ ಕಟ್ಟುತ್ತಿದ್ದರು, ಎಂದೆಲ್ಲ ಒದರಿದೆ. ನನ್ನ ಮಾತು ನನಗೇ ಭಾಷಣದಂತೆ ಕೇಳಿಸಿತು.

ದೀಪ ಕೆಂಪಾಯಿತು. ಕಾರು ನಿಂತಿತು.

"ಡಾಕ್ಟರು ಕೇಳಿದಾಗ ನನ್ನನ್ನ ಒಳಗೆ ಕರೀಬಹುದಿತ್ತಲ್ಲ" ಎಂದಳು.

ಅವಳು ಇದ್ದದ್ದು ಬಾಗಿಲಿನ ಆಚೆ. ಏನಾದರೂ ಕೇಳಬೇಕಿದ್ದರೆ ಕರೆಸಲೆಂದೇ ಅವಳನ್ನು ಅಲ್ಲಿ ಕೂರಿಸಿದ್ದರು. ನಿರ್ದೇಶಕಿಯನ್ನೇ ಕರೆಸಿ ಕೇಳಿ ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕೋರಂ ಉಳಿಯುತ್ತಿತ್ತು, ನನ್ನ ಖಾಸಗಿ ಮಾಹಿತಿ ನನ್ನ ಹೊಟ್ಟೆಯಲ್ಲೇ ಇರುತ್ತಿತ್ತು. ಅದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗಂತೂ ಕನಸಿನಲ್ಲೂ ಹೊಳೆಯಲಿಲ್ಲ.

ಕರೆದಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದೆ.

"ನೆಲ ಕೂರ್ತಾ ಇದೆ ಅಂತಿದ್ದೆ. ಕಿಂಡಿಗಳನ್ನ ಅರ್ಧ ಮಾಡಿ, ಮೊದಲ ಹಂತದಲ್ಲೇ ಕಂಬ ಇಳಿಸೋಣ, ಮಿತಿಯೊಳಗೇ ಆಗತ್ತೆ ಅಂತಿದ್ದೆ. ವಾರದಿಂದ ಕೂತು ಅದನ್ನೇ ಕೂಡಿಸಿ ಕಳೆದಿದ್ದೆ. ಒಂದೊಂದು ಕಿಂಡಿಗೂ ಒಂದೊಂದು ವಿಶ್ವವಿದ್ಯಾಲಯ ಕಾದು ಕೂತಿದೆ, ನಾನಾಗಿ ಬಾಯಿ ಬಿಟ್ರೆ ಕಿಂಡಿ ಕಳ್ಕೊಳ್ಳೋರೆಲ್ಲ ಯೋಜನೆಗೆ ಬೆಂಬಲ ಕೊಡೋದನ್ನ ಅಲ್ಲೇ ನಿಲ್ಲಿಸ್ತಿದ್ರು. ಸಮಿತಿ ಕೇಳಿದ್ರೆ ಯಾರೂ ಏನೂ ಅನ್ನೋ ಹಾಗಿರಲಿಲ್ಲ. ಯಾರಾದ್ರೂ ಒಬ್ರು ಕೇಳಲಿ ಅಂತ ಕಾಯ್ತಾ ಕೂತಿದ್ದೆ."

ಹಸಿರು ದೀಪ ಬಂದು ಹಿಂದಿನವನು ಹಾರ್ನ್ ಹೊಡೆದ. ಅವಳು ಗೇರು ಹಾಕಿದಳು. ನಿಜವಾಗಿ ಹೇಳುತ್ತಿದ್ದಳೇ, ಅಥವಾ ಉಂಗುರ ಬಿದ್ದ ಮೇಲೆ ಹೀಗೆ ಅನ್ನಿಸಿತೇ ಎಂದು ನನ್ನ ಕೆಟ್ಟ ಬುದ್ಧಿ ಆಗಲೂ ಕೇಳದೆ ಬಿಡಲಿಲ್ಲ. ಅವಳ ಪಕ್ಕದಲ್ಲೇ ಕೂತು, ಅವಳ ಮುಖ ನೋಡುತ್ತಲೇ ಹಾಗೆ ಯೋಚಿಸಿದೆ. ಆ ಯೋಚನೆ ಅವಳಿಗೆ ಕೇಳಿಸಿತೋ ಏನೋ.

ಮನೆಯ ಮುಂದೆ ಕಾರು ನಿಲ್ಲಿಸಿದಳು, ಎಂಜಿನ್ ಆರಿಸಲಿಲ್ಲ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಗೆದ್ದು ಬರುತ್ತೇವೆಂದು ಅಣ್ಣತಮ್ಮಂದಿರು ತಾವೇ ಅಡುಗೆಗೆ ಇಳಿದಿದ್ದರೆಂದು ಕಾಣುತ್ತದೆ, ಪಾತ್ರೆಗಳ ಸದ್ದು ಹೊರಗಿನವರೆಗೂ ಬರುತ್ತಿತ್ತು.

"ಅಕ್ಕ, ನೀನು ಎದ್ದು ಹೋಗದೆ ಒಳಗೆ ಕೂತಿದ್ದು ನನಗೋಸ್ಕರ ತಾನೇ?"

ಹೌದು ಎಂದೆ.

"ಮತ್ತೆ ನಾನು ನಿಜ ಹೇಳ್ತೀನಿ ಅಂತ ನಿನಗೆ ಯಾಕೆ ಅನ್ನಿಸಲಿಲ್ಲ?"

ಇಷ್ಟು ವರ್ಷ ಅವಳ ಒಂದು ಮಾತಿಗೆ ಹತ್ತು ಮಾತು ಕೊಟ್ಟವಳು ನಾನು. ಅವಳು ಕಾಯುತ್ತ ನನ್ನನ್ನೇ ನೋಡಿದಳು. ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಗೆ ಎಂಜಿನ್ ಆರಿಸಿ, ನನ್ನನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.